ಅತ್ತೆ ವೇಗ

ಚಿತ್ರಾನ್ನದ ಸ್ಟೀಲ್ ಡಬ್ಬಿ ಸೀಟಿನಿಂದ ಹಾರಿದ್ದನ್ನು ನಾನು ನೋಡಲಿಲ್ಲ. ನನ್ನ ಕಣ್ಣು ಮುಂದಿನ ಅಲೆಯ ಮೇಲಿತ್ತು. ಸದ್ದು ಮಾತ್ರ ಕೇಳಿಸಿತು. ಡಬ್ಬಿ ನೆಲಕ್ಕೆ ಬಡಿದು, ಮುಚ್ಚಳ ಕಳಚಿ, ದೋಣಿಯ ತುಂಬ ಅರಿಶಿನದ ಅನ್ನ. ದೋಣಿಯ ಮೂತಿಯ, ಅಂದರೆ ಮುಂತುದಿಯ, ಸೀಟಿನಲ್ಲಿದ್ದ ಅತ್ತೆ ಎರಡೂ ಕೈಯಲ್ಲಿ ಕಂಬಿ ಹಿಡಿದುಕೊಂಡು, ಹಿಂದಕ್ಕೆ ತಿರುಗದೆಯೇ ಕೇಳಿದರು: “ಇದನ್ನು ರೊಕ್ಕ ಕೊಟ್ಟು ತಂದಿರೇನು?”

ಅದು ಫಿನ್ಲೆಂಡಿನ ದಕ್ಷಿಣ ಕರಾವಳಿ. ಎಸ್ಪೋದಿಂದ ಪಶ್ಚಿಮಕ್ಕೆ, ಪೋರ್ಕಲಾ ಕಡೆಗೆ ಹೊರಟಿದ್ದೆವು. ಜುಲೈ ತಿಂಗಳು, ನೈಋತ್ಯದಿಂದ ಸೆಕೆಂಡಿಗೆ 8 ಮೀಟರ್ ಗಾಳಿ, ಅರ್ಧ ಮೀಟರಿಗಿಂತ ತುಸು ದೊಡ್ಡ ಅಲೆ. ದೋಣಿಯ ವೇಗ 22 ನಾಟ್, ಅಂದರೆ ಗಂಟೆಗೆ ಸುಮಾರು 41 ಕಿಲೋಮೀಟರ್. ಚುಕ್ಕಾಣಿ ಹಿಡಿದಿದ್ದ ನನಗೆ ಏನೂ ಅನಿಸಿರಲಿಲ್ಲ. ನಿಜ ಹೇಳಬೇಕೆಂದರೆ ಖುಷಿಯಲ್ಲಿದ್ದೆ.

ಆ ದಿನದಿಂದ ನಮ್ಮ ಮನೆಯಲ್ಲಿ ಒಂದು ಹೊಸ ಅಳತೆ ಹುಟ್ಟಿಕೊಂಡಿತು: ಅತ್ತೆ ವೇಗ. ಇಷ್ಟು ಎತ್ತರದ ಅಲೆಯಲ್ಲಿ, ಮುಂದಿನ ಸೀಟಿನ ಮೇಲಿಟ್ಟ ಡಬ್ಬಿ ಸೀಟು ಬಿಟ್ಟು ಏಳದಂತೆ ಎಷ್ಟು ಜೋರಾಗಿ ಹೋಗಬಹುದು ಎಂಬುದೇ ಅತ್ತೆ ವೇಗ. ಒಂದು ನೋಟ್‌ಬುಕ್ಕಿನಲ್ಲಿ ಗಾಳಿ, ಅಲೆ, ಜನ, ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಹಾಕುವ ಸುತ್ತು) ಜೊತೆಗೆ ಅದನ್ನೂ ಬರೆಯತೊಡಗಿದೆ. ಅರ್ಧ ಮೀಟರ್ ಅಲೆಗೆ ಮೊದಲ ವರ್ಷದ ಅಂಕಿ 13 ನಾಟ್. ಮೂರು ಬೇಸಿಗೆ ಆ ದೋಣಿಗೆ ನಾನು ಮಾಡಿದ ಕೆಲಸವೆಲ್ಲ ಆ 13ರ ಸುತ್ತಲಿನದು.

ನಾನು ಗಂಗೊಳ್ಳಿಯವಳು. ಅಪ್ಪಯ್ಯ ಮೀನುಗಾರಿಕೆ ಬೋಟಿನಲ್ಲಿ ತಾಂಡೇಲ, ಅಂದರೆ ಬೋಟು ನಡೆಸುವ ಮುಖ್ಯಸ್ಥ, ಆಗಿದ್ದವರು. ಪಂಚಗಂಗಾವಳಿ ಸಮುದ್ರಕ್ಕೆ ಸೇರುವ ಅಳಿವೆಯಲ್ಲಿ ಮಳೆಗಾಲದ ತೆರೆ ಹೇಗೆ ಎದ್ದು ನಿಲ್ಲುತ್ತದೆ ಎಂದು ನೋಡಿಕೊಂಡೇ ಬೆಳೆದೆ. ಹಾಗಾಗಿ ನೀರಿನ ವಿಷಯದಲ್ಲಿ ನನಗೆ ಸ್ವಲ್ಪ ಜಂಭ. ಗಂಡನ ಕಡೆಯವರು ಧಾರವಾಡದವರು, ಅವರ ಜಂಭ ಬೇರೆ ವಿಷಯಗಳದ್ದು. ಫಿನ್ಲೆಂಡಿನಲ್ಲಿ ಸ್ವಂತ ಬಳಕೆಯ ಮೋಟಾರು ದೋಣಿ ನಡೆಸಲು ಪರವಾನಗಿ ಬೇಕಿಲ್ಲ. ದೋಣಿ 5.5 ಮೀಟರ್ ಅಥವಾ ಅದಕ್ಕಿಂತ ಉದ್ದವಿದ್ದರೆ, ಇಲ್ಲವೇ ಎಂಜಿನ್ 15 ಕಿಲೋವ್ಯಾಟ್ ಮುಟ್ಟಿದರೆ, ನೋಂದಣಿ ಮಾಡಿಸಬೇಕು. ನೋಂದಾಯಿತ ದೋಣಿ ನಡೆಸುವವರಿಗೆ 15 ವರ್ಷ ತುಂಬಿರಬೇಕು. ಇಷ್ಟು ಸಲೀಸಾಗಿರುವುದೇ ನನ್ನಂಥ ಜಂಭದವರಿಗೆ ಅಪಾಯ.

ಏಕೆಂದರೆ ನಾನು ಕಲಿತದ್ದು ಬೇರೆ ನೀರು. ಮಳೆಗಾಲದ ಅರಬ್ಬಿ ಸಮುದ್ರದ ತೆರೆ ದೊಡ್ಡದು, ಉದ್ದವೂ ಹೌದು. ಒಂದರ ನೆತ್ತಿ ದಾಟಿ ಇನ್ನೊಂದು ಬರುವಷ್ಟರಲ್ಲಿ ಹತ್ತು ಸೆಕೆಂಡಿನ ಹತ್ತಿರ ಸಿಗುತ್ತದೆ. ದೋಣಿ ಏರುತ್ತದೆ, ಇಳಿಯುತ್ತದೆ. ಫಿನ್ಲೆಂಡ್ ಕೊಲ್ಲಿಯಲ್ಲಿ ಆ ವ್ಯವಧಾನವಿಲ್ಲ. ಗಾಳಿ ಬೀಸಿ ಒಂದೆರಡು ಗಂಟೆಯಾಗುವಷ್ಟರಲ್ಲಿ ಗಿಡ್ಡ, ಕಡಿದಾದ ಅಲೆಗಳು ಮೂರು ನಾಲ್ಕು ಸೆಕೆಂಡಿಗೊಂದರಂತೆ ಬರುತ್ತವೆ. ಅವುಗಳಿಗೆ ಎದುರಾಗಿ 22 ನಾಟ್ ವೇಗದಲ್ಲಿ ಹೊರಟರೆ ಸೆಕೆಂಡಿಗೊಂದು ಪೆಟ್ಟು. ಅಳತೆಪಟ್ಟಿ ಹಿಡಿದರೆ ಆ ಅಲೆ ನಮ್ಮೂರಿನವರು ಅಲೆ ಎಂದೇ ಒಪ್ಪದಷ್ಟು ಚಿಕ್ಕದು. ಅತ್ತೆಯ ಸೊಂಟ ಒಪ್ಪಿತು.

ಕೊಳ್ಳುವಾಗಲೇ ನಾನು ಸೋತಿದ್ದೆ, ಅದೂ ಚಂದಕ್ಕೆ. ಎಂಟು ವರ್ಷ ಹಳೆಯ ಫೈಬರ್‌ಗ್ಲಾಸ್ ದೋಣಿ, 5.8 ಮೀಟರ್ ಉದ್ದ, 2.3 ಮೀಟರ್ ಅಗಲ. ಹಿಂದೆ 115 ಅಶ್ವಶಕ್ತಿಯ ನಾಲ್ಕು ಸ್ಟ್ರೋಕಿನ ಔಟ್‌ಬೋರ್ಡ್, ಅಂದರೆ ದೋಣಿಯ ಹೊರಗೆ ತೂಗುವ ಎಂಜಿನ್. ಕಡುನೀಲಿ ಮೈ, ಹಿಂದಕ್ಕೆ ಬಾಗಿದ ಗಿಡ್ಡ ಗಾಜು, ಗಾಜಿನ ನಡುವೆ ಬಾಗಿಲು, ಅದರ ಮುಂದೆ ಮೂತಿಯಲ್ಲಿ ಲಾಳದ ಆಕಾರದ ಸೀಟು. ಈ ಬಗೆಗೆ ಬೋರೈಡರ್ ಎನ್ನುತ್ತಾರೆ. ಜಾಹೀರಾತುಗಳಲ್ಲಿ ಆ ಮುಂದಿನ ಸೀಟಿನ ಮೇಲೆ ಯಾರಾದರೂ ನಗುತ್ತಾ ಒರಗಿಕೊಂಡಿರುತ್ತಾರೆ; ಹಿನ್ನೆಲೆಯ ನೀರು ಕನ್ನಡಿಯಂತಿರುತ್ತದೆ. ನಾನು ನಡೆಸಿ ನೋಡಿದ್ದೂ ಅಂಥದ್ದೇ ನೀರಿನಲ್ಲಿ: ಸಂಜೆಯ ಹೊತ್ತು, ಗಾಳಿ ಬೀಳದ ಕೊಲ್ಲಿ, ದೋಣಿಯಲ್ಲಿ ನಾನು ಮತ್ತು ಮಾರುವವರು ಇಬ್ಬರೇ. ಮೀಟರಿನ ಮುಳ್ಳು 35 ನಾಟ್ ಮುಟ್ಟಿತು. ಗಂಡಿನ ಕಡೆಯವರು ಬಂದು ಉಪ್ಪಿಟ್ಟು, ಕೇಸರಿಭಾತು ತಿಂದು ಹುಡುಗಿಯ ಸ್ವಭಾವ ಚೆನ್ನಾಗಿದೆ ಎಂದು ಹೇಳಿ ಹೋದ ಹಾಗೆ ನಾನೂ ಒಪ್ಪಿಕೊಂಡು ಬಂದೆ. ಒಳಗಿನ ಫಲಕದಲ್ಲಿ ‘ಸಿ’ ವರ್ಗ, ಆರು ಜನ ಎಂದಿತ್ತು. ಯುರೋಪಿನ ನಿಯಮದಲ್ಲಿ ‘ಸಿ’ ಎಂದರೆ ಬ್ಯೂಫೋರ್ಟ್ ಮಾಪನದ 6ರವರೆಗಿನ ಗಾಳಿಯನ್ನೂ 2 ಮೀಟರ್ ವರೆಗಿನ ಅಲೆಯನ್ನೂ ತಾಳಲೆಂದು ವಿನ್ಯಾಸ ಮಾಡಿದ್ದು. ತಾಳುವುದು ದೋಣಿ. ಒಳಗೆ ಕುಳಿತವರ ಬಗ್ಗೆ ಫಲಕ ಏನನ್ನೂ ಹೇಳುವುದಿಲ್ಲ.

ತಳದ ಆಕಾರದ ಬಗ್ಗೆ ಮಾತ್ರ ಓದಿಕೊಂಡು ಹೋಗಿದ್ದೆ. ಚಪ್ಪಟೆ ತಳದ ದೋಣಿ ಬೇಗ ನೀರಿನ ಮೇಲೇರುತ್ತದೆ, ಪೆಟ್ರೋಲ್ ಕಡಿಮೆ ಕುಡಿಯುತ್ತದೆ, ನಿಂತಾಗ ಹೊಯ್ದಾಡುವುದಿಲ್ಲ. ಆದರೆ ಅಲೆಗೆ ಅಂಗೈ ಬೀಸಿ ಹೊಡೆದಂತೆ ಹೊಡೆಯುತ್ತದೆ. ‘ವಿ’ ಆಕಾರದ ಚೂಪು ತಳ ಅಲೆಯನ್ನು ಸೀಳುತ್ತದೆ. ಬದಲಿಗೆ ಹೆಚ್ಚು ಶಕ್ತಿ ಕೇಳುತ್ತದೆ, ನಿಂತಾಗ ತೊಟ್ಟಿಲಾಗುತ್ತದೆ. ಈ ಆಳವಾದ ‘ವಿ’ ತಳಕ್ಕೆ ಹೆಸರು ಬಂದದ್ದು 1960ರ ಮಯಾಮಿ–ನಸ್ಸಾವು ಓಟದಿಂದ. ರೇ ಹಂಟ್ ವಿನ್ಯಾಸ ಮಾಡಿದ ‘ಮೋಪಿ’ಯನ್ನು ರಿಚರ್ಡ್ ಬರ್ಟ್ರಾಮ್ ಅವರ ತಂಡ ಒರಟು ಸಮುದ್ರದಲ್ಲಿ ಓಡಿಸಿ, ಉಳಿದವರನ್ನು ಬಹಳ ಹಿಂದೆ ಹಾಕಿ ಗೆದ್ದಿತು. ಅಂಥ ದೋಣಿಗಳ ತಳ ಹಿಂಬದಿಯಲ್ಲೂ ಸುಮಾರು 24 ಡಿಗ್ರಿ ಚೂಪು (ಡಿಗ್ರಿ ಹೆಚ್ಚಿದಷ್ಟೂ ಚೂಪು ಹೆಚ್ಚು). ನನ್ನದು 18. ಪೆಟ್ರೋಲಿನ ಖರ್ಚು, ಹೊಯ್ದಾಟ, ಪೆಟ್ಟು ಮೂರನ್ನೂ ತೂಗಿ ನೋಡುವ ಸಂಸಾರಸ್ಥರ ಕೋನ ಅದು. ಅದರ ಬಗ್ಗೆ ಇಂದಿಗೂ ನನ್ನ ತಕರಾರಿಲ್ಲ. ತಕರಾರು ಇದ್ದದ್ದು ಬೇರೆ ಕಡೆ, ಅದು ಗೊತ್ತಾಗಲು ಒಂದು ಬೇಸಿಗೆ ಬೇಕಾಯಿತು.

ನಿಧಾನಕ್ಕೆ ಹೋಗುವ ದೋಣಿ ನೀರನ್ನು ಪಕ್ಕಕ್ಕೆ ತಳ್ಳಿಕೊಂಡು ಹೋಗುತ್ತದೆ. ಈ ಉದ್ದದ ದೋಣಿ 6 ನಾಟ್ ಸಮೀಪಿಸುತ್ತಿದ್ದಂತೆ ತಾನೇ ಎಬ್ಬಿಸಿದ ಅಲೆಯ ದಿಬ್ಬವನ್ನು ಹತ್ತಬೇಕಾಗುತ್ತದೆ: ಮೂತಿ ಆಕಾಶಕ್ಕೆ, ಹಿಂಬದಿ ನೀರಿನೊಳಕ್ಕೆ, ಎಂಜಿನ್ನಿನ ಏದುಸಿರು. ಇನ್ನೂ ಶಕ್ತಿ ಕೊಟ್ಟರೆ ದಿಬ್ಬ ದಾಟಿ, ಮೂತಿ ಕೆಳಗಿಳಿದು, ನೀರಿನ ಮೇಲೆ ಜಾರತೊಡಗುತ್ತದೆ. ಇದೇ ಪ್ಲೇನಿಂಗ್. ಆರು ಜನ ತುಂಬಿದ ನನ್ನ ದೋಣಿ 16 ನಾಟ್ ಕೆಳಗಿಳಿದರೆ ಪ್ಲೇನಿಂಗ್ ಬಿಟ್ಟು ದೊಪ್ಪನೆ ನೀರಿಗೆ ಕುಳಿತುಬಿಡುತ್ತಿತ್ತು. ಅತ್ತೆ ವೇಗವೋ 13. ಅಂದರೆ ಅರ್ಧ ಮೀಟರ್ ಅಲೆಯಲ್ಲಿ ಈ ದೋಣಿಗೆ ನೆಮ್ಮದಿಯ ವೇಗವೇ ಇರಲಿಲ್ಲ. ಒಂದೋ 16ಕ್ಕಿಂತ ಮೇಲೆ ಹೋಗಿ ಪೆಟ್ಟು ತಿನ್ನಬೇಕು, ಇಲ್ಲವೇ 6ರಲ್ಲಿ ತೆವಳಬೇಕು. ನಡುವೆ ಹೋದರೆ ಮುಂದೇನಿದೆ ಎಂದು ಕಾಣುವುದಿಲ್ಲ, ಮೂತಿ ಅಡ್ಡ. ಕೊಳ್ಳುವಾಗ ನಾನು ಕೇಳಿದ್ದು “ಎಷ್ಟು ಜೋರಾಗಿ ಹೋಗುತ್ತದೆ” ಎಂದು. ಕೇಳಬೇಕಾಗಿದ್ದದ್ದು “ಎಷ್ಟು ನಿಧಾನಕ್ಕೆ ಹೋದರೂ ನೀರಿನ ಮೇಲೆ ನಿಲ್ಲುತ್ತದೆ” ಎಂದು. ಈ ಅಂಕಿಯನ್ನು ಮಾರುವವರು ಯಾರೂ ತಾವಾಗಿ ಹೇಳುವುದಿಲ್ಲ.

ದಾರಿ ತೋರಿಸಿದವರು ಪಕ್ಕದ ಜೆಟ್ಟಿಯ ಹಿರಿಯರೊಬ್ಬರು. ನನ್ನ ಕಥೆಯನ್ನೆಲ್ಲ ಕೇಳಿ ಅವರು ಕೇಳಿದ ಪ್ರಶ್ನೆ ಒಂದೇ: ಆರು ಜನ ಕುಳಿತಾಗ ಪೂರ್ತಿ ಥ್ರಾಟಲ್‌ಗೆ ಆರ್‌ಪಿಎಂ ಎಷ್ಟು? 5,100 ಎಂದೆ. ಕೈಪಿಡಿಯ ಪ್ರಕಾರ 5,000ದಿಂದ 6,000ದ ನಡುವೆ ಇರಬೇಕು. ಇದೆಯಲ್ಲ ಎಂದು ನಾನು. ಅವರು ಎದ್ದು ಹೋಗಿ ತಮ್ಮ ಶೆಡ್ಡಿನಿಂದ ಒಂದು ಹಳೆಯ ಪ್ರೊಪೆಲ್ಲರ್ ತಂದು ಕೈಗಿಟ್ಟರು.

ನನ್ನ ದೋಣಿಯಲ್ಲಿದ್ದದ್ದು 19 ಅಂಗುಲ ಪಿಚ್ಚಿನದು. ಮರಕ್ಕೆ ಸ್ಕ್ರೂ ಇಳಿಯುವ ಹಾಗೆ, ಒಂದು ಸುತ್ತಿಗೆ 19 ಅಂಗುಲ ಮುಂದೆ ಹೋಗಬೇಕು ಎಂಬ ಲೆಕ್ಕ. ನೀರು ಮರವಲ್ಲವಾದ್ದರಿಂದ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ಜಾರಿ ಹೋಗುತ್ತದೆ. ಅವರು ಕೊಟ್ಟದ್ದು 17 ಅಂಗುಲದ್ದು. ಬಾಳೆಬರೆ ಘಾಟಿಯನ್ನು ನಾಲ್ಕನೇ ಗೇರಿನಲ್ಲಿ ಹತ್ತಿಸುತ್ತಿದ್ದವಳಿಗೆ ಮೂರನೇ ಗೇರು ಸಿಕ್ಕಂತೆ. ಪಿಚ್ ಒಂದು ಅಂಗುಲ ಕಡಿಮೆಯಾದರೆ 150ರಿಂದ 200 ಆರ್‌ಪಿಎಂ ಏರುತ್ತದೆ ಎಂಬುದು ಜೆಟ್ಟಿಯವರ ರೂಢಿಯ ಲೆಕ್ಕ. ನನ್ನದು 5,100ರಿಂದ 5,600ಕ್ಕೆ ಹೋಯಿತು, ಲೆಕ್ಕಕ್ಕಿಂತ ಸ್ವಲ್ಪ ಹೆಚ್ಚೇ. ವೇಗ ಕಡಿಮೆಯಾಗುತ್ತದೆ ಎಂದು ಹೆದರಿದ್ದೆ. ಗೇರಿನ ಅನುಪಾತ 2.15, ಅಂದರೆ ಎಂಜಿನ್ 2.15 ಸುತ್ತು ತಿರುಗಿದರೆ ಪ್ರೊಪೆಲ್ಲರ್ ಒಂದು ಸುತ್ತು. 5,100ನ್ನು ಅದರಿಂದ ಭಾಗಿಸಿ 19ರಿಂದ ಗುಣಿಸಿ, 5,600ನ್ನು ಭಾಗಿಸಿ 17ರಿಂದ ಗುಣಿಸಿ ನೋಡಿ: ನಿಮಿಷಕ್ಕೆ ಸುಮಾರು 45,000 ಅಂಗುಲ, 44,000 ಅಂಗುಲ. ಜಾರುವಿಕೆಯೂ ತುಸು ಕಡಿಮೆಯಾದ್ದರಿಂದ ತುಂಬಿದ ದೋಣಿಯ ಗರಿಷ್ಠ ವೇಗ ಎರಡರಲ್ಲೂ 32 ನಾಟ್ ಆಸುಪಾಸಿನಲ್ಲೇ ನಿಂತಿತು. ಬದಲಾದದ್ದು ಕೆಳಗಿನ ತುದಿ. 16ಕ್ಕೆ ಕುಸಿಯುತ್ತಿದ್ದ ದೋಣಿ 14ರವರೆಗೆ ನೀರಿನ ಮೇಲೆ ನಿಂತಿತು. ಆಮೇಲೆ ಅದೇ ಪಿಚ್ಚಿನ ಹೊಸ ಅಲ್ಯೂಮಿನಿಯಂ ಪ್ರೊಪೆಲ್ಲರಿಗೆ ಕೊಟ್ಟದ್ದು 180 ಯೂರೋ. ಈ ದೋಣಿಗೆ ಹಾಕಿದ ದುಡ್ಡಿನಲ್ಲಿ ನಾನು ಒಮ್ಮೆಯೂ ಮರುಗದ ಮೊತ್ತ ಇದೊಂದೇ.

ಇನ್ನೆರಡು ನಾಟ್ ಸಿಕ್ಕಿದ್ದು ಟ್ರಿಮ್ ಟ್ಯಾಬ್‌ಗಳಿಂದ. ದೋಣಿಯ ಹಿಂಬದಿಯ ಅಂಚಿನಲ್ಲಿ ಎಡಕ್ಕೊಂದು ಬಲಕ್ಕೊಂದು ಲೋಹದ ತಗಡು. ಗುಂಡಿ ಒತ್ತಿದರೆ ಕೆಳಗೆ ಬಾಗಿ ಹಿಂಬದಿಯನ್ನು ಎತ್ತುತ್ತವೆ, ಮೂತಿ ಇಳಿಯುತ್ತದೆ. ಮೂತಿ ಇಳಿದರೆ ಅಲೆಗೆ ಸಿಗುವುದು ತಳದ ಮುಂಭಾಗ. ಎಲ್ಲಕ್ಕಿಂತ ಚೂಪಾದ ಭಾಗ ಅದೇ. ಬೆಲೆ ಪ್ರೊಪೆಲ್ಲರಿನ ಐದಾರು ಪಟ್ಟು. ದೋಣಿಗೆ ತೂತು ಕೊರೆಯುವಾಗ ನನ್ನ ಕೈ ನಡುಗಿದ್ದೂ ನಿಜ.

ತಗಡುಗಳು ಕಲಿಸಿದ ಇನ್ನೊಂದು ಪಾಠವನ್ನು ಯಾರೂ ಹೇಳಿರಲಿಲ್ಲ. ಪಕ್ಕದಿಂದ ಗಾಳಿ ಬೀಸುವಾಗ ವೇಗದ ದೋಣಿ ಗಾಳಿಯ ಕಡೆಗೇ ವಾಲುತ್ತದೆ. ಗಾಳಿ ಮೂತಿಯನ್ನು ತಳ್ಳುತ್ತದೆ, ಅದನ್ನು ಸರಿಪಡಿಸಲು ನಾವು ಚುಕ್ಕಾಣಿಯನ್ನು ತಿರುಗಿಸಿ ಹಿಡಿದಿರುತ್ತೇವೆ, ಅದು ದೋಣಿಯನ್ನು ವಾಲಿಸುತ್ತದೆ. ವಾಲಿದ ‘ವಿ’ಯ ಒಂದು ಮಗ್ಗುಲು ನೀರಿಗೆ ಸಮನಾಗಿ ಮಲಗುತ್ತದೆ. ಅಲ್ಲಿಗೆ 18 ಡಿಗ್ರಿ ಚೂಪು ಹೋಯಿತು, ಹಲಗೆಯಂತೆ ಬಡಿಯುತ್ತದೆ. ಪೋರ್ಕಲಾ ದಾರಿಯಲ್ಲಿ ಅನ್ನ ಚೆಲ್ಲಿದ್ದಕ್ಕೆ ಅಲೆಯಷ್ಟೇ ಈ ವಾಲುವಿಕೆಯೂ ಕಾರಣ ಎಂದು ಈಗ ನನಗೆ ಅನುಮಾನವಿಲ್ಲ: ಮಾವ ಮತ್ತು ನನ್ನ ಗಂಡ, ಇಬ್ಬರೂ ತೂಕದವರೇ, ಗಾಳಿ ಬರುವ ಬದಿಯಲ್ಲೇ ಕುಳಿತಿದ್ದರು. ಗಾಳಿಯ ಕಡೆಯ ತಗಡನ್ನು ಒಂದು ಎಳೆಯಷ್ಟು ಇಳಿಸಿದರೆ ದೋಣಿ ನೆಟ್ಟಗಾಗುತ್ತದೆ. ತಗಡಿಲ್ಲದವರು ಮಾವನನ್ನು ಆಚೆ ಕೂರಿಸಬಹುದು.

ಎಂಜಿನ್ನಿನ ಟ್ರಿಮ್, ಅಂದರೆ ಎಂಜಿನ್ನನ್ನು ದೋಣಿಯತ್ತ ಒಳಕ್ಕೋ ಹೊರಕ್ಕೋ ಬಾಗಿಸುವುದು, ಬೇರೆ ವಿದ್ಯೆ. ಹೊರಡುವಾಗ ಪೂರ್ತಿ ಒಳಗೆ. ಜಾರತೊಡಗಿದ ಮೇಲೆ ಚುಕ್ಕಾಣಿ ಹಗುರಾಗುವವರೆಗೆ ಹೊರಗೆ. ಆಸೆಪಟ್ಟು ಇನ್ನೂ ಹೊರಗೆ ಬಿಟ್ಟರೆ ಮೂತಿ ಕುದುರೆಯಂತೆ ಕುಣಿಯತೊಡಗುತ್ತದೆ. ಆಗ ಸ್ವಲ್ಪ ಒಳಕ್ಕೆ ತಂದರೆ ಶಾಂತ. ಎದುರಲೆಗೆ ಮೂತಿ ಕೆಳಗಿರಬೇಕು. ಬೆನ್ನಲೆಗೆ ಮಾತ್ರ ಮೇಲಿರಲೇಬೇಕು, ಇಲ್ಲದಿದ್ದರೆ ಇಳಿಜಾರಿನಲ್ಲಿ ಮೂತಿ ಮುಂದಿನ ಅಲೆಗೆ ಹೂತು ದೋಣಿ ಅಡ್ಡಕ್ಕೆ ತಿರುಗುತ್ತದೆ. ಇದೊಂದನ್ನು ಅಪ್ಪಯ್ಯ ಫೋನಿನಲ್ಲೇ ಹೇಳಿದ್ದರು. ಅಳಿವೆಯಲ್ಲಿ ದೋಣಿ ಮಗುಚುವುದು ಒಳಗೆ ಬರುವಾಗಲೇ ಹೆಚ್ಚು, ಬೆನ್ನಿಗೆ ತೆರೆ ಇರುವಾಗ ಮೂತಿ ಮುಳುಗಿಸಬೇಡ ಎಂದು. ಟ್ರಿಮ್ ಗುಂಡಿ ಎಂದರೇನೆಂದು ಅವರಿಗೆ ಗೊತ್ತಿಲ್ಲ; ಅವರ ಕಾಲದಲ್ಲಿ ಜನರನ್ನೂ ಬಲೆಯನ್ನೂ ಹಿಂದಕ್ಕೆ ಸರಿಸುವುದೇ ಟ್ರಿಮ್.

ಆ ಹಳೆಯ ವಿದ್ಯೆಯೇ ಕೊನೆಗೆ ಹೆಚ್ಚು ಕೆಲಸಕ್ಕೆ ಬಂತು. ದೋಣಿ ಏತದಂತೆ: ಹಿಂಬದಿ ಹೆಚ್ಚು ಕದಲುವುದಿಲ್ಲ, ಮೂತಿ ಏರಿ ಬೀಳುತ್ತದೆ. ಅತ್ಯಂತ ಚಂದದ ಸೀಟು ಎಂದು ನಾನು ಗೌರವದಿಂದ ಅತ್ತೆಯನ್ನು ಕೂರಿಸಿದ್ದು ಅತ್ಯಂತ ಕೆಟ್ಟ ಜಾಗದಲ್ಲಿ. ಈಗ ನಮ್ಮಲ್ಲಿ ಪ್ಲೇನಿಂಗ್ ವೇಗದಲ್ಲಿ ಮುಂದಿನ ಸೀಟಿನಲ್ಲಿ ಯಾರೂ ಕೂರುವಂತಿಲ್ಲ, ಮಕ್ಕಳಂತೂ ಇಲ್ಲವೇ ಇಲ್ಲ. ಸೊಂಟದ ಪ್ರಶ್ನೆ ಮಾತ್ರವಲ್ಲ. ದೋಣಿ ಹಠಾತ್ತನೆ ನಿಂತರೆ ಅಲ್ಲಿದ್ದವರು ಬೀಳುವುದು ಪ್ರೊಪೆಲ್ಲರಿನ ದಾರಿಗೇ. ಅದೇ ಕಾರಣಕ್ಕೆ ಎಂಜಿನ್ ನಿಲ್ಲಿಸುವ ಕೆಂಪು ಹಗ್ಗ ಸದಾ ನನ್ನ ತೊಡೆಗೆ ಸುತ್ತಿರುತ್ತದೆ. ಮುಂದಿನ ಸೀಟು ಈಗ ದ್ವೀಪದ ಬದಿಯಲ್ಲಿ ಲಂಗರು ಹಾಕಿದ ಮೇಲೆ ಊಟಕ್ಕೆ, ಮಗಳ ಪುಸ್ತಕಕ್ಕೆ.

ಚಂದಕ್ಕೆ ಕೊಟ್ಟ ಇನ್ನೊಂದು ದಂಡ ಆ ಗಿಡ್ಡ ಗಾಜು. ಅದರ ಅಂಚು ಸರಿಯಾಗಿ ನನ್ನ ಕಣ್ಣಿನ ಮಟ್ಟಕ್ಕೆ ಬರುತ್ತದೆ. ಕುಳಿತರೆ ಅಂಚು ಅಡ್ಡ, ನಿಂತರೆ ಮುಖಕ್ಕೆ ಗಾಳಿ. ಜೂನ್ ತಿಂಗಳಲ್ಲೂ ಆ ಗಾಳಿ ಅರ್ಧ ಗಂಟೆಯಲ್ಲಿ ಹಲ್ಲು ಕಟಕಟಿಸುವಂತೆ ಮಾಡುತ್ತದೆ. ಬಟ್ಟೆಯ ಛಾವಣಿ ಏರಿಸಿದೆವು. ಹಿಂಭಾಗವನ್ನು ತೆರೆದೇ ಬಿಟ್ಟಿದ್ದೆವು. ಹತ್ತು ನಿಮಿಷಕ್ಕೆ ಮಗ ತಲೆನೋವು ಎಂದ. ಓಡುವ ದೋಣಿಯ ಹಿಂದೆ ಗಾಳಿ ಸುಳಿ ಸುತ್ತಿ ಎಂಜಿನ್ನಿನ ಹೊಗೆಯನ್ನು ಒಳಗೇ ಎಳೆದು ತರುತ್ತದೆ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ. ಈಗ ಮುಂದಿನ ಗಾಜಿನ ಬಾಗಿಲನ್ನು ಸ್ವಲ್ಪ ತೆರೆದು ಗಾಳಿ ಮುಂದಿನಿಂದ ಹಿಂದಕ್ಕೆ ಹಾಯುವಂತೆ ಬಿಡುತ್ತೇವೆ. ಚಳಿಗೆ ಕಂಬಳಿ ಇದೆ.

ಶೌಚದ ವಿಷಯ. ಅತ್ತೆ ದೋಣಿ ನೋಡಿ ಕೇಳಿದ ಮೊದಲ ಪ್ರಶ್ನೆ ಇದೇ ಆಗಿತ್ತು, ನಾನು ನಕ್ಕಿದ್ದೆ. ಈಗ ಎಡಗಡೆಯ ಕನ್ಸೋಲಿನ ಒಳಗೆ ಒಂದು ಪೋರ್ಟಬಲ್ ಟಾಯ್ಲೆಟ್ ಇದೆ, ಮರೆಗೆ ಪರದೆ ಇದೆ. ಅದು ಬಂದ ಮೇಲೆ ನಮ್ಮ ಪ್ರಯಾಣದ ಉದ್ದ ಎರಡರಷ್ಟಾಯಿತು. ಯಾವ ಅಶ್ವಶಕ್ತಿಯೂ ಅಷ್ಟು ಮಾಡಿರಲಿಲ್ಲ.

ಪೆಟ್ರೋಲ್ ಲೆಕ್ಕ ಕೇಳುವವರಿಗೆ: 20ರಿಂದ 22 ನಾಟ್ ವೇಗದಲ್ಲಿ ನನ್ನ ದೋಣಿ ಒಂದು ನಾಟಿಕಲ್ ಮೈಲಿಗೆ ಸುಮಾರು 0.8 ಲೀಟರ್ ಕುಡಿಯುತ್ತದೆ. ಪೂರ್ತಿ ಥ್ರಾಟಲ್‌ನಲ್ಲಿ 1.2. ಪ್ಲೇನಿಂಗ್ ಬಿಟ್ಟು ಮೂತಿ ಎತ್ತಿಕೊಂಡು 9, 10 ನಾಟ್ ವೇಗದಲ್ಲಿ ಒದ್ದಾಡುವಾಗಲೂ ಅಷ್ಟೇ ಕುಡಿಯುತ್ತದೆ, ಜೊತೆಗೆ ಹಿಂದೆ ದೊಡ್ಡ ಅಲೆ ಎಬ್ಬಿಸಿ ಜೆಟ್ಟಿಯವರ ಶಾಪವನ್ನೂ ಗಳಿಸಿಕೊಡುತ್ತದೆ. ಇಕ್ಕಟ್ಟಾದ ಕಾಲುವೆಗಳಲ್ಲಿ ಅಲೆ ಎಬ್ಬಿಸಬಾರದೆಂಬ ಫಲಕಗಳೇ ಇವೆ. ಅಲ್ಲಿ 5 ನಾಟ್, ಮಾತಿಲ್ಲ.

ಕಳೆದ ಬೇಸಿಗೆಯಲ್ಲಿ ಅಪ್ಪಯ್ಯ ಬಂದಿದ್ದರು. ಜೂನ್, ಜುಲೈ ಎಂದರೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ 61 ದಿನದ ನಿಷೇಧ. ಊರಿನ ಬೋಟುಗಳೆಲ್ಲ ಬಂದರಿನಲ್ಲಿ ಕಟ್ಟಿಕೊಂಡಿರುವ ಹೊತ್ತಿಗೆ ಇಲ್ಲಿ ನೀರಿಗಿಳಿಯುವ ಕಾಲ. ಕಾಲುವೆಯ ಎಡಕ್ಕೆ ಕೆಂಪು ಬೋಯ್, ಬಲಕ್ಕೆ ಹಸಿರು ಬೋಯ್ (ನೀರಲ್ಲಿ ತೇಲುವ ದಾರಿಗುರುತು) ನೋಡಿ “ಮಂಗಳೂರಿನಂತೆಯೇ ಇದೆಯಲ್ಲ” ಎಂದರು. ಬಂದರಿಗೆ ಬರುವಾಗಿನ ಈ ಬಣ್ಣದ ಕ್ರಮ ಎರಡೂ ಕಡೆ ಒಂದೇ. ಆಮೇಲೆ ನಕ್ಷೆಯ ಪರದೆಯಲ್ಲಿ 20 ಮೀಟರ್ ಆಳದ ಪಕ್ಕದಲ್ಲೇ ನೀರಿನೊಳಗಿನ ಬಂಡೆಯ ಗುರುತು ನೋಡಿ ಸುಮ್ಮನಾದರು. ವೇಗ 24 ಮುಟ್ಟಿದಾಗ ಕೇಳಿದರು: “ಬಲೆ ಇಲ್ಲ, ಮೀನಿಲ್ಲ, ಏಲಂಗೆ ಹೊತ್ತಾಗುವುದೂ ಇಲ್ಲ. ಅವಸರ ಯಾತಕ್ಕೆ ಮಗಳೇ?” ನನ್ನ ಬಳಿ ಉತ್ತರವಿರಲಿಲ್ಲ, 20ಕ್ಕೆ ಇಳಿಸಿದೆ. ಅವರು ಎಲ್ಲಿ ಕೂರಬೇಕೆಂದು ಯಾರನ್ನೂ ಕೇಳಿರಲಿಲ್ಲ. ಹತ್ತಿದವರೇ ನೇರ ಹೋಗಿ ಹಿಂಬದಿಯ ಮೂಲೆಯಲ್ಲಿ ಕುಳಿತಿದ್ದರು.

ಅಕ್ಟೋಬರಿನಲ್ಲಿ ದೋಣಿಯನ್ನು ಮೇಲೆತ್ತಿದೆವು. ಗೇರ್ ಎಣ್ಣೆ ಹಾಲು ಬೆರೆಸಿದಂತೆ ಬೆಳ್ಳಗಾಗಿತ್ತು: ಎಲ್ಲೋ ಸೀಲು ಸೋರಿ ನೀರು ಹೋಗಿದೆ. ನೀರನ್ನು ಒಳಗೆ ಬಿಟ್ಟರೆ ಚಳಿಗಾಲದಲ್ಲಿ ಹೆಪ್ಪುಗಟ್ಟಿ ಗೇರಿನ ಪೆಟ್ಟಿಗೆಯನ್ನೇ ಸೀಳುತ್ತದೆ. ಸೀಲು ಬದಲಾಯಿಸಿ, ಹೊಸ ಎಣ್ಣೆ ತುಂಬಿ, ಬ್ಯಾಟರಿ ಮನೆಗೆ ತಂದಾಗಿದೆ. ನೋಟ್‌ಬುಕ್ಕಿನಲ್ಲಿ ಈ ವರ್ಷದ ಕೊನೆಯ ದಾಖಲೆ: ಗಾಳಿ 7 ಮೀಟರ್, ಅಲೆ ಅರ್ಧ ಮೀಟರ್, ಐದು ಜನ, ಪ್ಲೇನಿಂಗ್‌ನ ಕೆಳ ಅಂಚು 12, ಅತ್ತೆ ವೇಗ 18. ಆದರೆ ಆ 18ನ್ನು ಅಳೆದದ್ದು ಹಿಂದಿನ ಸೀಟಿನಲ್ಲಿ. ಮುಂದಿನ ಸೀಟಿನಲ್ಲಿ ಇನ್ನೂ 15ರ ಮೇಲೆ ಹೋಗಿಲ್ಲ.

ಅಳೆಯುವ ಡಬ್ಬಿ ಮೊದಲಿನದೇ. ಅಂದು ಬಿದ್ದ ಪೆಟ್ಟಿಗೆ ಬಾಯಿ ಸೊಟ್ಟಗಾಗಿ ಮುಚ್ಚಳ ಕೂರುವುದಿಲ್ಲ, ಹಾಗಾಗಿ ಅತ್ತೆ ಅದನ್ನು ದೋಣಿಗೇ ಬಿಟ್ಟುಹೋದರು. ಫ್ಯೂಸು, ಹೆಚ್ಚುವರಿ ಸ್ಪಾರ್ಕ್ ಪ್ಲಗ್ಗು, ಕೂದಲಿಗೆ ಹಾಕುವ ಎರಡು ಕ್ಲಿಪ್ಪು ಅದರಲ್ಲಿರುತ್ತವೆ. ಮೇ ತಿಂಗಳಿಗೆ ಅತ್ತೆ ಮತ್ತೆ ಬರುತ್ತಾರಂತೆ. ಹೊಸ ಡಬ್ಬಿ ತರುತ್ತೇನೆ, ಲಾಕ್ ಇರುವಂಥದ್ದು ಎಂದು ಫೋನಿನಲ್ಲಿ ಹೇಳಿದ್ದಾರೆ.